ವಾರವಿಡೀ ‘ಒಂದೆರಡು ಕಡೆ ಗುಡುಗು ಮಳೆ’: ಏಪ್ರಿಲ್ ಮುನ್ಸೂಚನೆಯನ್ನು ತೋಟದ ಲೆಕ್ಕಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಮಾವಿನ ತೋಟವಿದೆ. ತೋತಾಪುರಿ ಹೆಚ್ಚು, ಬಾದಾಮಿ ಸ್ವಲ್ಪ. ಪಕ್ಕದಲ್ಲೇ ಒಂದು ಎಕರೆ ಟೊಮೆಟೊ, ಮಲ್ಚಿಂಗ್ ಹಾಳೆ ಹಾಸಿ ಡ್ರಿಪ್‌ನಲ್ಲಿ ಬೆಳೆದದ್ದು. ಕಾಯಿ ತುಂಬಿದೆ, ಮೊದಲ ಕಟಾವಿಗೆ ಇನ್ನು ಹತ್ತು ದಿನ ಇರಬಹುದು. ಏಪ್ರಿಲ್ ಮೂರನೇ ವಾರದ ಮುನ್ಸೂಚನೆಯಲ್ಲಿ ಐದು ದಿನಕ್ಕೂ ಒಂದೇ ಮಾತು: ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ, ಗಂಟೆಗೆ 40–50 ಕಿ.ಮೀ. ವೇಗದ ಗಾಳಿ, ಯೆಲ್ಲೋ ಅಲರ್ಟ್.’ ಫೋನಿನ ಆ್ಯಪ್ ದಿನಾ 40% ಮಳೆ ತೋರಿಸುತ್ತಿದೆ. ಹೋದ ವಾರವೂ ಹೀಗೇ ಹೇಳಿದ್ದರು. ಐದು ಕಿಲೋಮೀಟರ್ ಆಚೆಯ ಊರಿಗೆ ಆಲಿಕಲ್ಲು ಬಿತ್ತು, ನಮಗೆ ಬಂದದ್ದು ಬರೀ ಧೂಳು. ಡ್ರಿಪ್ ನಿಲ್ಲಿಸಿ ಮಳೆ ಕಾಯಲೇ? ಔಷಧಿ ಹೊಡೆಯಲೇ, ಬೇಡವೇ? ಇಂಥ ಮುನ್ಸೂಚನೆಯನ್ನು ನಂಬುವುದು ಹೇಗೆ?

ಉತ್ತರ: ಡ್ರಿಪ್ ನಿಲ್ಲಿಸಬೇಡಿ. ಔಷಧಿ ಹೊಡೆಯುವುದಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಈ ವಾರ ನೀವು ಸಜ್ಜಾಗಬೇಕಿರುವುದು ಮಳೆಗಿಂತ ಹೆಚ್ಚಾಗಿ ಗಾಳಿಗೆ. ಮುನ್ಸೂಚನೆಯನ್ನು ನಂಬಿ, ಆದರೆ ಅದು ಹೇಳದೇ ಇರುವುದನ್ನು ಅದರಿಂದ ನಿರೀಕ್ಷಿಸಬೇಡಿ. ‘ಈ ದಿನಗಳಲ್ಲಿ ಗುಡುಗು ಮೋಡ ಕಟ್ಟುವ ವಾತಾವರಣವಿದೆ’ ಎಂಬಷ್ಟೇ ಅದರ ಮಾತು. ನಿಮ್ಮ ಸರ್ವೆ ನಂಬರಿನ ಮೇಲೆ ಮಳೆ ಬೀಳುತ್ತದೆ ಎಂದು ಅದು ಹೇಳಿಲ್ಲ, ಏಪ್ರಿಲ್‌ನಲ್ಲಿ ಹಾಗೆ ಹೇಳುವುದು ಯಾರಿಗೂ ಸಾಧ್ಯವಿಲ್ಲ.

‘ಒಂದೆರಡು ಕಡೆ’ ಎಂಬುದು ಬಾಯಿಗೆ ಬಂದ ಮಾತಲ್ಲ, ಹವಾಮಾನ ಇಲಾಖೆಯಲ್ಲಿ ಅದಕ್ಕೊಂದು ಅಳತೆಯಿದೆ. ಒಂದು ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆಯಾದರೆ ಒಂದೆರಡು ಕಡೆ, 26ರಿಂದ 50 ಆದರೆ ಕೆಲವು ಕಡೆ, 51ರಿಂದ 75 ಆದರೆ ಹಲವು ಕಡೆ, ಅದಕ್ಕೂ ಮೇಲಾದರೆ ಬಹುತೇಕ ಎಲ್ಲೆಡೆ. ಅಂದರೆ ನೂರು ಕೇಂದ್ರಗಳಲ್ಲಿ ಎಂಬತ್ತು ಒಣಗಿದ್ದರೂ ‘ಒಂದೆರಡು ಕಡೆ ಮಳೆ’ ಎಂಬ ಮುನ್ಸೂಚನೆ ನೂರಕ್ಕೆ ನೂರು ನಿಜವಾಗುತ್ತದೆ. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ‘ದಕ್ಷಿಣ ಒಳನಾಡು’ ಎಂಬ ವಿಭಾಗದೊಳಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳ ಜೊತೆಗೆ ಕೊಡಗು, ಹಾಸನ, ಚಿಕ್ಕಮಗಳೂರು, ಚಾಮರಾಜನಗರವೂ ಸೇರಿವೆ. ಏಪ್ರಿಲ್‌ನ ಗುಡುಗು ಮಳೆ ಮೊದಲು ಒಲಿಯುವುದು ಆ ಮಲೆನಾಡಿನ ಅಂಚಿಗೆ. ಹಾಗಾಗಿ ವಿಭಾಗದ ಸಾಲನ್ನು ಓದಿ ನಿಲ್ಲಿಸಬೇಡಿ, ಬೆಂಗಳೂರಿನ ಹವಾಮಾನ ಕೇಂದ್ರ ಕೊಡುವ ಜಿಲ್ಲಾವಾರು ಪಟ್ಟಿಯಲ್ಲಿ ಕೋಲಾರದ ಎದುರು ಯಾವ ದಿನಕ್ಕೆ ಏನಿದೆ ನೋಡಿ. ಐದೂ ದಿನ ಒಂದೇ ಎಂದು ನಿಮಗೆ ಕಂಡದ್ದು ಜಿಲ್ಲಾ ಪಟ್ಟಿಯಲ್ಲಿ ಎರಡೇ ದಿನಕ್ಕೆ ಇಳಿದಿರಬಹುದು.

ಲೆಕ್ಕ ಹಾಕಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಒಂದು ದಿನ ನಿಮ್ಮ ತೋಟಕ್ಕೆ ಮಳೆ ತಾಗುವ ಸಾಧ್ಯತೆ ಶೇ 15 ಎಂದಿಟ್ಟುಕೊಳ್ಳಿ. ಐದು ದಿನವೂ ಹಾಗೇ ಇದ್ದರೆ, ವಾರದಲ್ಲಿ ಒಮ್ಮೆಯಾದರೂ ಮಳೆಯಾಗುವ ಸಾಧ್ಯತೆ ಸುಮಾರು ಶೇ 55, ಒಂದು ಹನಿಯೂ ಬೀಳದೆ ವಾರ ಕಳೆಯುವ ಸಾಧ್ಯತೆ ಶೇ 45ರ ಹತ್ತಿರ. ಹೆಚ್ಚುಕಡಿಮೆ ಸಮಸಮ. ಇಂಥ ಸಮಸಮದ ಮೇಲೆ ನೀರು ನಿಲ್ಲಿಸುವ ನಿರ್ಧಾರ ಮಾಡಬಾರದು. ಬೀಸುವ ಗಾಳಿಯಿಂದ, ಬೀಳುವ ಆಲಿಕಲ್ಲಿನಿಂದ ಕ್ರೇಟ್ ಮತ್ತು ಕಂಬವನ್ನು ಕಾಪಾಡುವ ನಿರ್ಧಾರವನ್ನು ಮಾತ್ರ ಮಾಡಲೇಬೇಕು. ಮೊದಲನೆಯದರಲ್ಲಿ ತಪ್ಪಿದರೆ ಬೆಳೆ ಬಾಡುತ್ತದೆ, ಎರಡನೆಯದರಲ್ಲಿ ತಪ್ಪಿದರೆ ಹೋಗುವುದು ಒಂದು ಮಧ್ಯಾಹ್ನದ ಕೂಲಿ.

ಫೋನಿನ ಆ್ಯಪ್‌ನ 40% ಬಗ್ಗೆ. ಹೆಚ್ಚಿನ ಆ್ಯಪ್‌ಗಳು ಜಾಗತಿಕ ಹವಾಮಾನದ ಕಂಪ್ಯೂಟರ್ ಮಾದರಿಗಳ ಅಂಕಿಗಳನ್ನೇ ತೋರಿಸುತ್ತವೆ. ಆ ಮಾದರಿಗಳು ಭೂಮಿಯನ್ನು ಒಂಬತ್ತು, ಹನ್ನೆರಡು, ಇಪ್ಪತ್ತೈದು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. 2025ರ ಮೇ ತಿಂಗಳಲ್ಲಿ ನಮ್ಮ ದೇಶದ್ದೇ ಆದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಆರು ಕಿಲೋಮೀಟರಿನ ಚೌಕಕ್ಕೆ ಇಳಿಯಿತು, ಅದು ದೊಡ್ಡ ಹೆಜ್ಜೆಯೇ. ಆದರೆ ಏಪ್ರಿಲ್‌ನ ಒಂಟಿ ಗುಡುಗು ಮೋಡದ ಅಗಲವೇ ಐದರಿಂದ ಹತ್ತು ಕಿಲೋಮೀಟರ್, ಆಯಸ್ಸು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಹಾಗಾಗಿ ಪಕ್ಕದೂರಿಗೆ ಆಲಿಕಲ್ಲು, ನಿಮಗೆ ಧೂಳು ಎಂಬುದು ಮುನ್ಸೂಚನೆ ಕೆಟ್ಟದ್ದಕ್ಕೆ ಸಾಕ್ಷಿಯಲ್ಲ, ಈ ಕಾಲದ ಮಳೆಯ ಸ್ವಭಾವವೇ ಅದು.

ಆ ಸ್ವಭಾವ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಬೆಳಿಗ್ಗೆಯೇ ದಿನವನ್ನು ಅಂದಾಜು ಮಾಡಲು ಅನುಕೂಲ. ಮಾರ್ಚ್‌ನಿಂದ ಮೇವರೆಗೆ ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನತ್ತ ಉತ್ತರ–ದಕ್ಷಿಣವಾಗಿ ಒಂದು ಗೆರೆ ಎಳೆದಂತೆ ಗಾಳಿಯ ಸಂಧಿ ಇರುತ್ತದೆ. ಗೆರೆಯ ಪಶ್ಚಿಮಕ್ಕೆ ಒಣಗಾಳಿ, ಪೂರ್ವಕ್ಕೆ ಬಂಗಾಳ ಕೊಲ್ಲಿಯಿಂದ ಬರುವ ತೇವದ ಗಾಳಿ. ಈ ಗೆರೆ ಒಂದು ದಿನ ತುಮಕೂರಿನ ಮೇಲಿದ್ದರೆ ಮರುದಿನ ಕೋಲಾರ ದಾಟಿ ಆಂಧ್ರದ ಕಡೆ ಸರಿದಿರಬಹುದು. ಅದು ನಿಮ್ಮ ಪೂರ್ವಕ್ಕೆ ಸರಿದ ದಿನ ನಿಮಗೆ ಒಣ ಪಡುಗಾಳಿ, ಸುಡುಬಿಸಿಲು, ಮೋಡವಿಲ್ಲ. ಪಶ್ಚಿಮಕ್ಕೆ ಸರಿದ ದಿನ ಆಗ್ನೇಯದ ಗಾಳಿ, ಮೈ ಜಿಗುಟು, ಮಧ್ಯಾಹ್ನ ಮೋಡ. ಕೋಲಾರ, ಚಿಕ್ಕಬಳ್ಳಾಪುರ ಕೊಲ್ಲಿಗೆ ಹತ್ತಿರವಿರುವುದರಿಂದ ಆಗ್ನೇಯದ ತೇವ ಮೊದಲು ಮುಟ್ಟುವುದು ಇಲ್ಲಿಗೆ. ಶಿರಾ, ಪಾವಗಡದವರೆಗೆ ಬರುವಷ್ಟರಲ್ಲಿ ಅದು ಸಾಕಷ್ಟು ಒಣಗಿರುತ್ತದೆ.

ಈಗ ಗಾಳಿಯ ವಿಷಯಕ್ಕೆ ಬರೋಣ. ಈ ವಾರದ ನಿಜವಾದ ಅಪಾಯ ಇದೇ, ನೀವು ಕೇಳದೆ ಬಿಟ್ಟದ್ದೂ ಇದನ್ನೇ.

ಏಪ್ರಿಲ್ ಮಧ್ಯಾಹ್ನ ಮೋಡದ ತಳ ನೆಲದಿಂದ ಎರಡು ಕಿಲೋಮೀಟರ್ ಆಸುಪಾಸು ಎತ್ತರದಲ್ಲಿರುತ್ತದೆ, ಅದರ ಕೆಳಗಿರುವುದೆಲ್ಲ ಬಿಸಿಯಾದ ಒಣಗಾಳಿ. ಬೀಳುವ ಹನಿ ಆ ಒಣಗಾಳಿಯಲ್ಲಿ ಅರ್ಧ ದಾರಿಗೇ ಆವಿಯಾಗುತ್ತದೆ. ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ, ತಣಿದ ಗಾಳಿ ಭಾರವಾಗಿ ರಭಸದಿಂದ ಕೆಳಗಿಳಿಯುತ್ತದೆ, ಅಂಗಳಕ್ಕೆ ಬಿಂದಿಗೆ ನೀರು ಸುರಿದಂತೆ ನೆಲ ಮುಟ್ಟಿ ಎಲ್ಲ ದಿಕ್ಕಿಗೂ ಹರಡುತ್ತದೆ. ಹಾಗಾಗಿ ಮಳೆ ಕಡಿಮೆ ಬಿದ್ದ ಮೋಡವೇ ಎಷ್ಟೋ ಸಲ ಹೆಚ್ಚು ಗಾಳಿ ಕೊಡುತ್ತದೆ. ‘ಮಳೆ ಬರಲಿಲ್ಲ, ಬರೀ ಧೂಳು’ ಎಂದಿರಲ್ಲ, ಆ ಧೂಳು ಐದು ಕಿಲೋಮೀಟರ್ ಆಚೆಯ ಆಲಿಕಲ್ಲಿನ ಮೋಡದಿಂದಲೇ ಹೊರಟ ಗಾಳಿ. ಅದು ಮಳೆಗಿಂತ ಹತ್ತು ಇಪ್ಪತ್ತು ನಿಮಿಷ ಮೊದಲು ಬರುತ್ತದೆ, ಯಾವ ದಿಕ್ಕಿನಿಂದಲೂ ಬರಬಹುದು. ಒಂದೇ ಬದುವಿನಲ್ಲಿ ಸರ್ವೆ, ಸಿಲ್ವರ್ ಓಕ್ ಸಾಲು ನೆಟ್ಟು ನಿಶ್ಚಿಂತೆಯಾಗಿರುವುದು ಈ ಗಾಳಿಯ ಎದುರು ಅರ್ಧ ರಕ್ಷಣೆ ಮಾತ್ರ.

ಗಾಳಿಯ ತಳ್ಳು ವೇಗದ ವರ್ಗದಂತೆ ಏರುತ್ತದೆ. 30 ಕಿ.ಮೀ. ವೇಗಕ್ಕಿಂತ 50 ಕಿ.ಮೀ. ವೇಗದ ಗಾಳಿ ಸುಮಾರು 2.8 ಪಟ್ಟು ಬಲವಾಗಿ ತಳ್ಳುತ್ತದೆ. ನಿಮ್ಮ ಟೊಮೆಟೊ ಸಾಲಿಗೆ ಇದನ್ನು ಹೊಂದಿಸಿ ನೋಡಿ: ಕಾಯಿ ತುಂಬಿದ ಗಿಡ, ಮೇಲೆ ದಟ್ಟ ಎಲೆ, ನೀಲಗಿರಿ ಅಥವಾ ಸರ್ವೆ ಕಡ್ಡಿ, ಸುತ್ತಲಿ ದಾರ. ಸಾಲು ಬೀಳುವುದು ನಡುವಿನಿಂದಲ್ಲ, ಕೊನೆಯ ಕಂಬ ಒಳಮುಖವಾಗಿ ವಾಲಿ ದಾರ ಸಡಿಲವಾದ ಮೇಲೆ ಇಡೀ ಸಾಲು ಒಂದೇ ಬದಿಗೆ ಮಲಗುತ್ತದೆ. ಆದ್ದರಿಂದ ಪ್ರತಿ ಸಾಲಿನ ಎರಡೂ ತುದಿಯ ಕಂಬ ಕನಿಷ್ಠ ಒಂದೂವರೆ ಅಡಿ ಆಳಕ್ಕೆ ಹೋಗಿದೆಯೇ, ಹೊರಮುಖವಾಗಿ ತುಸು ವಾಲಿದೆಯೇ ನೋಡಿ. ಅದಕ್ಕೆ ಹೊರಗಡೆ ಗೂಟ ಹೊಡೆದು ತಂತಿಯಿಂದ ಬಿಗಿಯಿರಿ. ನಡುವೆ ಎಂಟು ಹತ್ತು ಅಡಿಗೊಂದು ಕಡ್ಡಿ ಇಲ್ಲದಿದ್ದರೆ ಈಗಲೇ ಸೇರಿಸಿ. ಹಳೆಯ ಕಡ್ಡಿ ಮರುಬಳಕೆ ಮಾಡಿದ್ದರೆ ನೆಲಮಟ್ಟದಲ್ಲಿ ಗೆದ್ದಲು ತಿಂದಿದೆಯೇ ಎಂದು ಕಾಲಿನಿಂದ ಒತ್ತಿ ಪರೀಕ್ಷಿಸಿ, ಮುರಿಯುವುದು ಅಲ್ಲೇ. ಈ ಕೆಲಸ ಮುನ್ಸೂಚನೆಯ ಮೊದಲ ದಿನ ಬೆಳಿಗ್ಗೆಯೇ ಆಗಬೇಕು. ಒಂದು ಮಳೆಯಾಗಿ ನೆಲ ಸಡಿಲಾದ ಮೇಲೆ ಹೊಡೆದ ಗೂಟ ನಿಲ್ಲುವುದಿಲ್ಲ.

ಮಾವಿಗೆ ಇಷ್ಟೆಲ್ಲ ಮಾಡಲು ಆಗುವುದಿಲ್ಲ. ಈ ಹಂತದಲ್ಲಿ ಕಾಯಿ ಉದುರುವುದನ್ನು ಪೂರ್ತಿ ತಡೆಯುವ ಔಷಧಿಯೂ ಇಲ್ಲ. ಗಾಳಿಗೆ ಉದುರುವ ಕಾಯಿಗೆ ಹಾರ್ಮೋನು ಸಿಂಪಡಿಸುವುದು ಹಣ ಚೆಲ್ಲಿದಂತೆ. ಹಾರ್ಮೋನು ಕೆಲಸ ಮಾಡುವುದು ತೊಟ್ಟು ತಾನಾಗಿ ಕಳಚಿಕೊಳ್ಳುವ ಉದುರುವಿಕೆಯ ಮೇಲೆ, ಗಾಳಿಯ ಜಗ್ಗಾಟದ ಮೇಲಲ್ಲ. ಮಾಡಬಹುದಾದದ್ದು ಎರಡು. ನೆಲ ಮುಟ್ಟುವಂತೆ ಬಾಗಿರುವ ಕಾಯಿಭಾರದ ಕೊಂಬೆಗೆ ಕವೆಗೋಲು ಕೊಡಿ, ಗೋಲಿನ ಕವೆಗೆ ಗೋಣಿ ಸುತ್ತಿ, ಇಲ್ಲದಿದ್ದರೆ ತೊಗಟೆ ಸವೆದು ಅಲ್ಲಿಂದ ರೋಗ ಒಳಹೋಗುತ್ತದೆ. ಎರಡನೆಯದು, ಉದುರಿದ ಕಾಯಿಯ ವ್ಯವಸ್ಥೆ. ಗಾಳಿ ಬಂದ ಸಂಜೆಯೋ ಮರುದಿನ ಬೆಳಕು ಹರಿಯುತ್ತಲೋ ಆರಿಸಿ, ಒಡೆದದ್ದನ್ನು ಬೇರೆ ಮಾಡಿ, ಅದೇ ದಿನ ಉಪ್ಪಿನಕಾಯಿ ವ್ಯಾಪಾರಿಗೆ ಸಾಗಿಸಲು ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಊರಿಗೆಲ್ಲ ಒಂದೇ ದಿನ ಉದುರಿದಾಗ ಬೆಲೆ ಕುಸಿಯುತ್ತದೆ, ಮೊದಲು ಗಾಡಿ ಕಳಿಸಿದವರಿಗೆ ತುಸು ದಕ್ಕುತ್ತದೆ. ಮರದಡಿ ಬಿಟ್ಟ ಕಾಯಿ ಕೊಳೆತರೆ ಹಣ್ಣಿನ ನೊಣಕ್ಕೆ ಅದೇ ತವರು, ಜೂನ್‌ನಲ್ಲಿ ತೋತಾಪುರಿ ಬಲಿಯುವಾಗ ಅದರ ಫಲ ಕಾಣುತ್ತದೆ. ಆ ನೊಣವನ್ನು ಸೆಳೆದು ಹಿಡಿಯುವ ಮಿಥೈಲ್ ಯೂಜಿನಾಲ್ ಬಲೆಗಳನ್ನು ಎಕರೆಗೆ ನಾಲ್ಕೈದರಂತೆ ಕಟ್ಟಲು ಇದು ಸರಿಯಾದ ಹೊತ್ತು. ಗಾಳಿಗೆ ಕಿತ್ತುಹೋಗದಂತೆ ಒಳಗೊಂಬೆಗೆ, ಎದೆಯೆತ್ತರದಲ್ಲಿ ಕಟ್ಟಿ.

ಇನ್ನು ನೀರು. ನಮ್ಮ ಭಾಗದಲ್ಲಿ ಏಪ್ರಿಲ್‌ನಲ್ಲಿ ತೆರೆದ ತೊಟ್ಟಿಯಿಂದ ದಿನಕ್ಕೆ ಆರೇಳು ಮಿಲಿಮೀಟರ್ ನೀರು ಆವಿಯಾಗುತ್ತದೆ. ಕಾಯಿ ತುಂಬಿದ ಟೊಮೆಟೊ ದಿನಕ್ಕೆ ಕೇಳುವುದು ಐದಾರು ಮಿಲಿಮೀಟರ್. ಎಕರೆಯ ಮೇಲೆ ಒಂದು ಮಿಲಿಮೀಟರ್ ಎಂದರೆ 4,047 ಲೀಟರ್, ಅಲ್ಲಿಗೆ ಗಿಡ ಪೂರ್ತಿ ಹರಡಿದ ಎಕರೆಗೆ ದಿನಕ್ಕೆ 20ರಿಂದ 24 ಸಾವಿರ ಲೀಟರ್. ಏಪ್ರಿಲ್ ಸಂಜೆ ಎಂಟು ಮಿಲಿಮೀಟರ್ ಮಳೆ ಬಂತು ಎನ್ನೋಣ. ಕಾಗದದ ಮೇಲೆ ಅದು ಎಕರೆಗೆ 32 ಸಾವಿರ ಲೀಟರ್, ಒಂದೂವರೆ ದಿನದ ನೀರು. ಆದರೆ ನಿಮ್ಮದು ಮಲ್ಚಿಂಗ್ ಹಾಳೆ ಹಾಸಿದ ಏರುಮಡಿ. ಹಾಳೆಯ ಮೇಲೆ ಬಿದ್ದದ್ದು ಜಾರಿ ಕಾಲುವೆಗೆ ಹೋಗುತ್ತದೆ, ಬೇರಿರುವ ಮಡಿಗೆ ಸೇರುವುದು ಗಿಡದ ತೂತಿನಿಂದ ಇಳಿದಷ್ಟೇ. ಹಾಳೆ ಇರುವ ಹೊಲದಲ್ಲಿ ಹತ್ತು ಮಿಲಿಮೀಟರಿಗಿಂತ ಕಡಿಮೆ ಮಳೆಯನ್ನು ನೀರಿನ ಲೆಕ್ಕಕ್ಕೇ ಹಿಡಿಯಬೇಡಿ.

ಅದಕ್ಕಿಂತ ಮುಖ್ಯ ಕಾರಣ ಕಾಯಿ ಸೀಳುವುದು. ಮಳೆ ಬರುತ್ತದೆಂದು ಎರಡು ಮೂರು ದಿನ ನೀರು ನಿಲ್ಲಿಸಿದರೆ ಕಾಯಿಯ ಸಿಪ್ಪೆ ಬಿಗಿಯುತ್ತದೆ. ಆಮೇಲೆ ಒಮ್ಮೆಲೇ ನೀರು ಸಿಕ್ಕಿದರೆ ಒಳತಿರುಳು ಉಬ್ಬುವ ವೇಗಕ್ಕೆ ಸಿಪ್ಪೆ ಹಿಗ್ಗಲಾರದೆ ತೊಟ್ಟಿನ ಸುತ್ತ ಬಿರುಕು ಬಿಡುತ್ತದೆ. ಬಣ್ಣ ತಿರುಗುವ ಹಂತದ ಕಾಯಿಗೆ ಇದು ಹೆಚ್ಚು. ಹೀಗೆ ನೀರು ಉಳಿಸಲು ಹೋದವರು ಕಟಾವಿನಲ್ಲಿ ಕಳೆದುಕೊಳ್ಳುತ್ತಾರೆ, ಕೋಲಾರದ ಎಪಿಎಂಸಿಯಲ್ಲಿ ಬಿರುಕು ಬಿಟ್ಟ ಹಣ್ಣಿನ ಬಾಕ್ಸಿಗೆ ಸಿಗುವ ದರ ನಿಮಗೆ ಗೊತ್ತೇ ಇದೆ. ಆದ್ದರಿಂದ ದಿನದ ನೀರನ್ನು ಬೆಳಿಗ್ಗೆಯೇ ಕೊಟ್ಟುಬಿಡಿ, ಸಾಧ್ಯವಾದರೆ ಎರಡು ಕಂತಾಗಿ, ಆರು ಗಂಟೆಗೆ ಒಮ್ಮೆ, ಹತ್ತರ ಹೊತ್ತಿಗೆ ಒಮ್ಮೆ. ಸಂಜೆ 15 ಮಿಲಿಮೀಟರಿಗೂ ಹೆಚ್ಚು ಮಳೆ ನಿಜವಾಗಿ ಬಿದ್ದರೆ ಮರುದಿನದ ನೀರನ್ನು ಬಿಡಿ. ಮಡಿಯ ಮಣ್ಣನ್ನು ಹಾಳೆಯ ಕೆಳಗಿನಿಂದ ಒಂದು ಹಿಡಿ ತೆಗೆದು ಉಂಡೆ ಕಟ್ಟಿ ನೋಡಿ, ಉಂಡೆ ನಿಂತರೆ ಇನ್ನೂ ಅರ್ಧ ದಿನ ಕಾಯಬಹುದು.

ಮಳೆ ಎಷ್ಟು ಬಿತ್ತು ಎಂಬುದನ್ನು ತೋಟದಲ್ಲೇ ಅಳೆಯಿರಿ. ತಳದಿಂದ ಬಾಯಿವರೆಗೆ ಒಂದೇ ಅಗಲವಿರುವ ಯಾವುದೇ ಡಬ್ಬಿ ಸಾಕು. ಮರದ ಎತ್ತರದ ಎರಡರಷ್ಟು ದೂರ ತೆರೆದ ಜಾಗದಲ್ಲಿ, ಉರುಳದಂತೆ ಕಲ್ಲಿನ ನಡುವೆ ಇಡಿ. ಬೆಳಿಗ್ಗೆ 8.30ಕ್ಕೆ ಸ್ಕೇಲ್ ಹಿಡಿದು ಅಳೆಯಿರಿ, ಇಲಾಖೆಯ ಮಳೆ ದಿನವೂ ಆ ಹೊತ್ತಿಗೇ ಮುಗಿಯುವುದರಿಂದ ನಿಮ್ಮ ಅಂಕಿಯನ್ನು ಪಂಚಾಯಿತಿಯ ಮಳೆಮಾಪಕದ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಕೂರಿಸಿದೆ, ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ನಿಮ್ಮ ಭಾಗದ ಮಳೆಯ ವಿವರ ಕನ್ನಡದಲ್ಲೇ ಸಿಗುತ್ತದೆ.

ಔಷಧಿಯ ಪ್ರಶ್ನೆಗೆ ಉತ್ತರ ಗಡಿಯಾರದಲ್ಲಿದೆ. ಈ ಕಾಲದ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟು ಒಂಬತ್ತರ ನಡುವೆ ಬರುತ್ತದೆ, ಬೆಳಗಿನ ಹೊತ್ತು ಬಹುತೇಕ ಯಾವಾಗಲೂ ಖಾಲಿ. ಆರು ಗಂಟೆಯಿಂದ ಒಂಬತ್ತರೊಳಗೆ ಗಾಳಿ ಕಡಿಮೆ, ಬಿಸಿಲು ಏರಿಲ್ಲ, ಎಲೆಯ ಇಬ್ಬನಿ ಆರಿದ ಕೂಡಲೇ ಹೊಡೆದರೆ ಹನ್ನೊಂದರೊಳಗೆ ಔಷಧಿ ಎಲೆಗೆ ಅಂಟಿ ಒಣಗುತ್ತದೆ. ನಾಲ್ಕು ಗಂಟೆಗೆ ಮಳೆ ಬಂದರೂ ನಷ್ಟ ಅಲ್ಪ. ಮ್ಯಾಂಕೋಜೆಬ್‌ನಂಥ ಸ್ಪರ್ಶ ಶಿಲೀಂಧ್ರನಾಶಕ ಚೆನ್ನಾಗಿ ಒಣಗಿದ ಮೇಲೆ 25 ಮಿಲಿಮೀಟರ್ ಮಳೆಗೆ ಸುಮಾರು ಅರ್ಧ ತೊಳೆದುಹೋಗುತ್ತದೆ, 50 ದಾಟಿದರೆ ಮತ್ತೆ ಹೊಡೆಯಬೇಕು. ಲೀಟರಿಗೆ ಅರ್ಧ ಮಿಲಿ ಅಂಟುದ್ರಾವಣ ಸೇರಿಸಿದರೆ ಉಳಿಯುವುದು ಹೆಚ್ಚು. ಸಂಜೆ ಐದರ ಸಿಂಪಡಣೆಯನ್ನು ಈ ವಾರ ಪೂರ್ತಿ ಕೈಬಿಡಿ.

ರೋಗಕ್ಕೆ ಮಳೆಯ ಪ್ರಮಾಣಕ್ಕಿಂತ ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದು ದೊಡ್ಡದು. ಮೂರೂವರೆಗೆ 20 ಮಿಲಿಮೀಟರ್ ಸುರಿದು ಐದಕ್ಕೆ ಬಿಸಿಲು ಬಂದು ಗಾಳಿಯಾಡಿದರೆ ಮಾವಿನ ಚಿಬ್ಬು ರೋಗಕ್ಕೆ ಅವಕಾಶವೇ ಸಿಗದಿರಬಹುದು. ರಾತ್ರಿ ಎಂಟಕ್ಕೆ ಬರೀ ಮೂರು ಮಿಲಿಮೀಟರ್ ಬಿದ್ದು ಗಾಳಿ ನಿಂತುಬಿಟ್ಟರೆ ಬೆಳಿಗ್ಗೆ ಏಳರವರೆಗೆ ಎಲೆ, ಕಾಯಿ ಒದ್ದೆಯೇ ಇರುತ್ತವೆ, ಹತ್ತು ಹನ್ನೆರಡು ಗಂಟೆಯ ಆ ತೇವವೇ ಶಿಲೀಂಧ್ರಕ್ಕೆ ಬೇಕಾದದ್ದು. ಹಾಗಾಗಿ ಡೈರಿಯಲ್ಲಿ ಮಳೆಯ ಅಳತೆಯ ಪಕ್ಕ ಮಳೆ ನಿಂತ ಹೊತ್ತನ್ನೂ ಬರೆಯಿರಿ. ತಡರಾತ್ರಿಯ ಮಳೆ ಎರಡು ದಿನ ಸಾಲಾಗಿ ಬಂದರೆ ಮಾವಿಗೆ ಕಾರ್ಬೆಂಡಜಿಮ್ ಲೀಟರಿಗೆ 1 ಗ್ರಾಂ ಅಥವಾ ಕಾಪರ್ ಆಕ್ಸಿಕ್ಲೋರೈಡ್ 3 ಗ್ರಾಂ, ಟೊಮೆಟೊ ಎಲೆಚುಕ್ಕೆಗೆ ಮ್ಯಾಂಕೋಜೆಬ್ 2 ಗ್ರಾಂ. ಕಟಾವಿಗೆ ಹತ್ತೇ ದಿನ ಇರುವುದರಿಂದ ಡಬ್ಬಿಯ ಚೀಟಿಯಲ್ಲಿ ನಮೂದಿಸಿದ ಕಾಯುವ ಅವಧಿಯನ್ನು ಓದಿ, ಅದು ಮುಗಿಯದೆ ಹಣ್ಣು ಕೀಳಬೇಡಿ. ನೀರಿನಲ್ಲಿ ಕರಗುವ ಗಂಧಕವನ್ನು ಬಿಸಿಲು 32–33 ಡಿಗ್ರಿ ದಾಟುವ ದಿನಗಳಲ್ಲಿ ಮುಟ್ಟಬೇಡಿ, ಎಲೆಯೂ ಎಳೆಗಾಯಿಯ ಸಿಪ್ಪೆಯೂ ಸುಡುತ್ತವೆ.

ಆಲಿಕಲ್ಲಿನ ಬಗ್ಗೆ ಒಂದು ಮಾತು. ಏಪ್ರಿಲ್‌ನಲ್ಲಿ ಇಲ್ಲಿ ಶೂನ್ಯ ಡಿಗ್ರಿಯ ಮಟ್ಟ ಸಮುದ್ರಮಟ್ಟದಿಂದ ಐದು ಕಿಲೋಮೀಟರಿನ ಆಸುಪಾಸು ಇರುತ್ತದೆ. ಕೋಲಾರದ ನೆಲವೇ ಎಂಟುನೂರು ಮೀಟರಿಗೂ ಎತ್ತರವಾದ್ದರಿಂದ ಕರಾವಳಿಗೆ ಹೋಲಿಸಿದರೆ ಇಲ್ಲಿ ಆಲಿಕಲ್ಲು ಕರಗಲು ಸಿಗುವ ದಾರಿ ಕಡಿಮೆ, ಒಣಗಾಳಿ ಅದನ್ನು ಇನ್ನಷ್ಟು ತಂಪಾಗಿಯೇ ಇಳಿಸುತ್ತದೆ. ಯಾವ ಹಳ್ಳಿಗೆ ಬೀಳುತ್ತದೆಂದು ಒಂದು ದಿನ ಮೊದಲು ಹೇಳಲಾಗುವುದಿಲ್ಲ. ಬಿದ್ದ ಮೇಲೆ ಮಾಡುವುದನ್ನು ಮಾತ್ರ ತಡಮಾಡಬಾರದು. ಟೊಮೆಟೊದಲ್ಲಿ ಮುರಿದ ಕವಲು, ಪೆಟ್ಟು ತಿಂದ ಕಾಯಿ ತೆಗೆದು ಹೊರಗೆ ಹಾಕಿ, ಎಲೆ ಒಣಗಿದ ಕೂಡಲೇ, 24 ಗಂಟೆಯೊಳಗೆ, ಶಿಲೀಂಧ್ರನಾಶಕ ಹೊಡೆಯಿರಿ. ಎರಡು ಮೂರು ದಿನ ಬಿಟ್ಟು ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 5 ಗ್ರಾಂನಂತೆ ಎಲೆಗೆ ಕೊಡಿ. ಅಂದೇ ಯೂರಿಯಾ ಸುರಿದು ಚಿಗುರು ಎಬ್ಬಿಸುವ ಆತುರ ಬೇಡ, ಗಾಯ ಮಾಯದೆ ಬಂದ ಎಳೆಚಿಗುರಿಗೆ ರೋಗವೂ ಬಿಳಿನೊಣವೂ ಮೊದಲು ಮುತ್ತುತ್ತವೆ. ಮಾವಿನಲ್ಲಿ ಆಲಿಕಲ್ಲಿನ ಪೆಟ್ಟು ಮೊದಲ ದಿನ ಸಣ್ಣ ಚುಕ್ಕೆಯಾಗಿ ಕಂಡು ನಾಲ್ಕೈದು ದಿನದಲ್ಲಿ ಕಪ್ಪಾಗುತ್ತದೆ, ವ್ಯಾಪಾರಿಯೊಂದಿಗೆ ತೋಟದ ಮಾತುಕತೆ ಆ ವಾರದಲ್ಲಿದ್ದರೆ ಇಬ್ಬರೂ ನಾಲ್ಕು ದಿನ ತಾಳುವುದು ನ್ಯಾಯ.

ಬೆಳಿಗ್ಗೆಯೇ ದಿನವನ್ನು ಅಳೆಯಲು ಈ ಗುರುತುಗಳು ನೆರವಾಗುತ್ತವೆ. ಆ್ಯಪ್‌ನಲ್ಲಿ ಮಳೆಯ ಶೇಕಡಾವಾರು ಬಿಟ್ಟು ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ತಿಳಿಸುವ ಇಬ್ಬನಿ ಬಿಂದು (ಡ್ಯೂ ಪಾಯಿಂಟ್) ಎಂಬ ಅಂಕಿ ನೋಡಿ. ನಮ್ಮ ಎತ್ತರದಲ್ಲಿ ಮಧ್ಯಾಹ್ನಕ್ಕೆ ಅದು 18 ಡಿಗ್ರಿ ಅಥವಾ ಮೇಲಿದ್ದರೆ ಮೋಡಕ್ಕೆ ಸರಕಿದೆ, 14ಕ್ಕಿಂತ ಕೆಳಗಿದ್ದರೆ ಆ್ಯಪ್ ಏನೇ ಹೇಳಲಿ ಮಳೆ ಕಷ್ಟ. ಬೆಳಿಗ್ಗೆ ಏಳರ ಆಕಾಶದಲ್ಲಿ ಎತ್ತರದ ತೆಳುಮೋಡದಿಂದ ಸಾಲು ಗೋಪುರಗಳು ಎದ್ದಂತೆ ಕಂಡರೆ ಮೇಲಿನ ಗಾಳಿ ಅಸ್ಥಿರವಾಗಿದೆ, ಸಂಜೆ ಗುಡುಗಿನ ಸಾಧ್ಯತೆ ಹೆಚ್ಚು. ಹನ್ನೊಂದಕ್ಕೆ ಎದ್ದ ಹತ್ತಿಮೋಡಗಳು ಒಂದು ಗಂಟೆಯ ಹೊತ್ತಿಗೂ ಚಪ್ಪಟೆಯಾಗಿಯೇ ಉಳಿದರೆ ಅಂದು ನಿರಾಳ. ಅಗಲಕ್ಕಿಂತ ಎತ್ತರ ಹೆಚ್ಚಾಗಿ ತಲೆ ಹೂಕೋಸಿನಂತಾದರೆ ಎರಡು ಗಂಟೆಗೆ ಬಯಲಿನ ಕೆಲಸ ಮುಗಿಸುವ ಯೋಚನೆ ಮಾಡಿ. ಮೂರರ ಮೇಲೆ ಇಲಾಖೆ ಮೂರು ಗಂಟೆಗಳ ಅವಧಿಗೆ ಕೊಡುವ ತಕ್ಷಣದ ಮುನ್ಸೂಚನೆಯೇ ನಿಮ್ಮ ಮುಖ್ಯ ಆಧಾರ, ವಾರದ್ದನ್ನು ಆ ಹೊತ್ತಿಗೆ ಮರೆತುಬಿಡಿ. ಮುಳಬಾಗಿಲಿನ ಕಡೆ ನಾಲ್ಕಕ್ಕೆ ಗುಡುಗಿದರೆ ನಿಮಗೆ ಐದಕ್ಕೆ ಎರಡರಲ್ಲೊಂದು ಆಗುತ್ತದೆ. ಆ ಮೋಡದಿಂದ ಬಂದ ತಣ್ಣನೆ ಗಾಳಿ ನಿಮ್ಮ ಮೇಲಿನ ಬಿಸಿಗಾಳಿಯನ್ನು ಎತ್ತಿ ಹೊಸ ಮೋಡ ಕಟ್ಟುತ್ತದೆ, ಇಲ್ಲವೇ ನೆಲವನ್ನು ತಣಿಸಿ ಇದ್ದ ಮೋಡವನ್ನೂ ಇಳಿಸಿಬಿಡುತ್ತದೆ. ಗಾಳಿಯಂತೂ ಎರಡರಲ್ಲೂ ಬಂದೇ ಬರುತ್ತದೆ.

ಯೆಲ್ಲೋ ಎಂದರೆ ಹಗುರ ಎಂದಲ್ಲ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ತಕ್ಷಣ ಕ್ರಮ ಕೈಗೊಳ್ಳಿ. ಸಿಡಿಲು ಈ ಬಣ್ಣ ನೋಡಿ ಬೀಳುವುದಿಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ತೋಟ ಬಿಟ್ಟು ಪಕ್ಕಾ ಕಟ್ಟಡಕ್ಕೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬೇಡಿ. ಮಾವಿನ ಮರದಡಿ, ತಗಡಿನ ಶೆಡ್ಡಿನ ಕಂಬದ ಬಳಿ, ಟೊಮೆಟೊ ಸಾಲಿನ ತಂತಿಯ ಬಳಿ ನಿಲ್ಲಬೇಡಿ. ಬೋರ್‌ವೆಲ್ ಸ್ಟಾರ್ಟರ್ ಡಬ್ಬಿಯನ್ನು ಗುಡುಗಿನ ಹೊತ್ತಿನಲ್ಲಿ ಮುಟ್ಟಲೇಬಾರದು, ಮಧ್ಯಾಹ್ನ ಮೂರಕ್ಕೆ ಮೊದಲೇ ಮೇನ್ ಆಫ್ ಮಾಡಿದರೆ ಮೋಟಾರೂ ಉಳಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತ ಸಿಡಿಲು ಬೀಳುತ್ತಿರುವುದನ್ನು ತೋರಿಸುತ್ತದೆ, ಕೂಲಿಯವರ ಮೇಸ್ತ್ರಿಯ ಫೋನಿನಲ್ಲೂ ಅದನ್ನು ಹಾಕಿಸಿ. ಶಿರಾ, ಪಾವಗಡದ ಕುರಿಗಾಹಿಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. ಮಳೆಗೆ ಒಂಟಿ ಹುಣಸೆ ಮರದಡಿ ಮಂದೆ ಕೂಡಿದರೆ ಒಂದೇ ಸಿಡಿಲಿಗೆ ಹಲವು ಜೀವ ಹೋಗುತ್ತವೆ, ಮಂದೆಯನ್ನು ತಗ್ಗಿನ ಬಯಲಲ್ಲಿ ಚದುರಿಸಿ ನಿಲ್ಲಿಸುವುದು ಮೇಲು.

ಸುತ್ತಲಿನ ಬೇರೆ ಬೆಳೆಯವರಿಗೂ ಎರಡು ಮಾತು. ಚಿಕ್ಕಬಳ್ಳಾಪುರದ ದ್ರಾಕ್ಷಿಯಲ್ಲಿ ಗೊನೆ ಮಾಗುತ್ತಿದ್ದರೆ ತೆಳುಸಿಪ್ಪೆಯ ತಳಿಗಳು ಬೆಂಗಳೂರು ಬ್ಲೂಗಿಂತ ಬೇಗ ಸೀಳುತ್ತವೆ, ಸಿಹಿ ಬಂದ ಗೊನೆಗಳನ್ನು ವಾರದ ಮೊದಲರ್ಧದಲ್ಲೇ ಕತ್ತರಿಸುವುದು ಲೇಸು. ಪಾಲಿಹೌಸ್ ಇರುವವರು ಎರಡು ಗಂಟೆಗೆ ಪಕ್ಕದ ಪರದೆ ಇಳಿಸಿ ಬಿಗಿಯಬೇಕು, ಗಾಳಿ ಒಳನುಗ್ಗಿ ಮೇಲೆತ್ತಿದಾಗಲೇ ಹಾಳೆ ಹರಿಯುವುದು. ಶಿಡ್ಲಘಟ್ಟದ ರೇಷ್ಮೆಯವರು ಸಂಜೆಯ ಸೊಪ್ಪನ್ನೂ ಬೆಳಿಗ್ಗೆಯೇ ಕೊಯ್ದು ಒದ್ದೆ ಗೋಣಿಯಡಿ ಇಡಲಿ, ಮಳೆಯಲ್ಲಿ ನೆನೆದ ಸೊಪ್ಪು ಹಾಕಿದರೆ ಸಪ್ಪೆ ರೋಗಕ್ಕೆ ಬಾಗಿಲು ತೆರೆದಂತೆ. ತುಮಕೂರಿನ ಕಡೆ ಕಣದಲ್ಲಿ ಹುಣಸೆ ಒಣಗಿಸುತ್ತಿರುವವರು ಮಧ್ಯಾಹ್ನ ಎರಡಕ್ಕೆ ರಾಶಿ ಮಾಡಿ ಟಾರ್ಪಾಲಿನ್ ಹೊದಿಸಲಿ, ಒಮ್ಮೆ ನೆನೆದ ಹುಣಸೆ ಕಪ್ಪಾಗಿ ದರ ಕಳೆದುಕೊಳ್ಳುತ್ತದೆ.

ಈಗ ನಡೆದಿರುವುದು ಅಶ್ವಿನಿ ಮಳೆ ನಕ್ಷತ್ರ, ತಿಂಗಳ ಕೊನೆಗೆ ಭರಣಿ ಕಾಲಿಡುತ್ತದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಹಿರಿಯರು ಹೇಳಿದ್ದು ಮುಂಗಾರಿಗೆ ಮುಂಚಿನ ಉಳುಮೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ. ನಮ್ಮ ಕೆಂಪು ಮಣ್ಣಿನಲ್ಲಿ ಹತ್ತು ಮಿಲಿಮೀಟರ್ ಮಳೆ ಒಣನೆಲವನ್ನು ಎಂಟು ಹತ್ತು ಸೆಂಟಿಮೀಟರ್ ಮಾತ್ರ ತೋಯಿಸುತ್ತದೆ. ಖಾಲಿ ಹೊಲವಿದ್ದರೆ 20–25 ಮಿಲಿಮೀಟರ್ ಒಂದೇ ಪಟ್ಟಿಗೆ ಬೀಳುವವರೆಗೆ ನೇಗಿಲು ಹೂಡಬೇಡಿ, ಹೆಂಟೆ ಏಳುತ್ತದೆ, ಡೀಸೆಲ್ ಎರಡರಷ್ಟು ಹೋಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಮಾತ್ರ ಮೇಲೆ ಹೇಳಿದ ಲೆಕ್ಕವೆಲ್ಲ ಬದಲಾಗುತ್ತದೆ. ಅದು ತಮಿಳುನಾಡು ಅಥವಾ ಆಂಧ್ರದ ದಕ್ಷಿಣ ತೀರದತ್ತ ಬಂದರೆ ಹೊತ್ತಿಲ್ಲದ ಹೊತ್ತಿನಲ್ಲಿ ಜಡಿಮಳೆ, ದೂರದಲ್ಲೇ ಉತ್ತರಕ್ಕೆ ತಿರುಗಿದರೆ ನಮ್ಮ ತೇವವನ್ನೂ ಎಳೆದುಕೊಂಡು ಹೋಗಿ ನಾಲ್ಕೈದು ದಿನ ಒಣ ಪಡುಗಾಳಿ. ಪ್ರತಿ ಗುರುವಾರ ಇಲಾಖೆ ಮುಂದಿನ ಎರಡು ವಾರಗಳ ನೋಟ ಬಿಡುಗಡೆ ಮಾಡುತ್ತದೆ, ಕೊಲ್ಲಿಯ ಸುದ್ದಿ ಅದರಲ್ಲಿರುತ್ತದೆ. ಮಂಗಳವಾರ, ಶುಕ್ರವಾರಗಳ ಕೃಷಿ ಸಲಹೆ ‘ಮೇಘದೂತ್’ ಆ್ಯಪ್‌ನಲ್ಲಿ ಜಿಲ್ಲಾವಾರು ಸಿಗುತ್ತದೆ. ನಿಮ್ಮ ತೋಟದ ರೋಗದ ಗುರುತು ಖಚಿತವಾಗದಿದ್ದರೆ ಎಲೆ, ಕಾಯಿಯ ಮಾದರಿಯನ್ನು ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ವಿಮೆಯ ವಿಚಾರವನ್ನು ಗಾಳಿ ಬರುವ ಮೊದಲೇ ನೋಡಿಕೊಳ್ಳಿ. ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲಿನ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ದಿನಾಂಕ, ಹೊತ್ತು, ಸರ್ವೆ ನಂಬರು ಬರೆದು, ಆಲಿಕಲ್ಲು ಕರಗುವ ಮೊದಲೇ ಅದರ ಪಕ್ಕ ಒಂದು ನಾಣ್ಯ ಇಟ್ಟು ಫೋಟೊ ತೆಗೆದುಕೊಳ್ಳಿ. ಮಾವಿಗೆ ಹವಾಮಾನ ಆಧಾರಿತ ವಿಮೆ ಮಾಡಿಸಿದ್ದರೆ ಲೆಕ್ಕಕ್ಕೆ ಬರುವುದು ಗೊತ್ತುಪಡಿಸಿದ ಹವಾಮಾನ ಕೇಂದ್ರದ ಅಂಕಿ, ನಿಮ್ಮ ಡಬ್ಬಿಯದ್ದಲ್ಲ. ನಿಮ್ಮ ಪಾಲಿಸಿಗೆ ಯಾವ ಕೇಂದ್ರ ಗೊತ್ತಾಗಿದೆ ಎಂಬುದನ್ನು ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.